ಕುದುರೆಗಳನ್ನು ಹಠಾತ್ತನೆ ಕೊಲ್ಲುವ ಕರುಳಿನ ವ್ಯಾಧಿಗಳು

ಪಂದ್ಯದ ಕುದುರೆಯೊಂದು ಸಾಯಂಕಾಲ ತನ್ನ ಪಾಲಿನ ದಾಣಿಯನ್ನು ಮಿಗಿಸದೆ ತಿಂದು, ನೀರು ಕುಡಿದು, ಲಾಯದಲ್ಲಿ ನೆಮ್ಮದಿಯಾಗಿ ನಿಂತಿದ್ದು, ಮಾರನೆಯ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಬೆವರಿನಿಂದ ತೊಯ್ದು ನೆಲದ ಮೇಲೆ ಹೊರಳುತ್ತಿರುವುದೂ, ನಡುಹಗಲಾಗುವುದರೊಳಗೆ ಪ್ರಾಣ ಬಿಡುವುದೂ ಅಪೂರ್ವವಾದ ಸಂಗತಿಯಲ್ಲ. ಹೀಗಾದಾಗ ಯಜಮಾನನ ಮನಸ್ಸಿನಲ್ಲಿ ಮೊದಲು ಹುಟ್ಟುವುದು ವಿಷದ ಸಂಶಯ. ಆ ಸಂಶಯವು ಮೊದಲು ಹೋಗಿ ನಿಲ್ಲುವುದು ರಾತ್ರಿಯೆಲ್ಲ ಅಲ್ಲಿಯೇ ಮಲಗಿದ್ದ ಕುದುರೆಯಾಳಿನ ಮೇಲೆ. ಆದರೆ ಆರೋಗ್ಯವಾಗಿದ್ದ ಕುದುರೆಯನ್ನು ಒಂದೇ ಹಗಲಿನಲ್ಲಿ ಕೊಲ್ಲಬಲ್ಲ ವ್ಯಾಧಿಗಳು ಅದರ ಕರುಳಿನಲ್ಲಿಯೇ ಹಲವು ಉಂಟು. ವಿಷವು ತೋರುವ ಕುರುಹುಗಳನ್ನೂ ಈ ವ್ಯಾಧಿಗಳು ತೋರುವ ಕುರುಹುಗಳನ್ನೂ ಬರಿಗಣ್ಣಿನಿಂದ ಬೇರ್ಪಡಿಸುವುದು ನುರಿತ ವೈದ್ಯನಿಗೂ ಕಷ್ಟ.

ಇದು ಬೆಂಗಳೂರು ಮೈಸೂರುಗಳ ಪಂದ್ಯದ ಬಯಲಿಗೆ ಮಾತ್ರ ಸೇರಿದ ವಿಷಯವೆಂದು ಭಾವಿಸಲಾಗದು. ಟಿಪ್ಪು ಸುಲ್ತಾನನ ಕಾಲದಿಂದ ಹೆಸರಾದ ಕುಣಿಗಲಿನ ಕುದುರೆ ಫಾರಮು ಈ ಸೀಮೆಯಲ್ಲಿಯೇ ಇದೆ. ಸವಾರಿಗೂ, ಉತ್ಸವ ಮದುವೆಗಳ ಮೆರವಣಿಗೆಗೂ ಕುದುರೆಯನ್ನು ಕಟ್ಟಿರುವ ಜಮೀನುದಾರರು ಇದ್ದಾರೆ. ಪಂದ್ಯದಿಂದ ಬಿಡುಗಡೆಯಾದ ಕುದುರೆಗಳನ್ನು ಕೊಂಡು ಸಾಕುವವರೂ ಇದ್ದಾರೆ. ಕುದುರೆಯ ಕರುಳು ಎಲ್ಲಿ ಹೋದರೂ ಕುದುರೆಯ ಕರುಳೇ.

ಫಾರ್ ಲ್ಯಾಪ್ ಎಂಬ ಕುದುರೆಯ ಮರಣ

ಇಂತಹ ಮರಣಗಳಲ್ಲಿ ಲೋಕಪ್ರಸಿದ್ಧವಾದುದು ಫಾರ್ ಲ್ಯಾಪ್ ಎಂಬ ಕುದುರೆಯದು. ಇದು ನ್ಯೂಜಿಲೆಂಡ್ ದೇಶದ ತಿಮಾರು ಪಟ್ಟಣದ ಬಳಿ ೧೯೨೬ನೆಯ ಇಸವಿ ಅಕ್ಟೋಬರ್ ೪ರಂದು ಹುಟ್ಟಿತು. ಮಿಂಚು ಎಂಬರ್ಥದ ಸಯಾಮಿ ಮಾತಿನಿಂದ ಇದಕ್ಕೆ ಹೆಸರಿಟ್ಟರು. ಮರಿಯಾಗಿದ್ದಾಗ ನೋಡುವುದಕ್ಕೆ ಅಷ್ಟೇನೂ ಚೆಲುವಾಗಿರಲಿಲ್ಲವಾಗಿ ೧೯೨೮ರಲ್ಲಿ ಕೇವಲ ೧೬೦ ಗಿನಿಗೆ ಹರಾಜಾಯಿತು. ಹ್ಯಾರಿ ಟೆಲ್ಫರ್ಡ್ ಎಂಬ ಆಸ್ಟ್ರೇಲಿಯದ ತರಬೇತುದಾರನ ಕೈಗೆ ಬಂದ ಮೇಲೆ ೫೧ ಪಂದ್ಯಗಳಲ್ಲಿ ಓಡಿ ೩೭ನ್ನು ಗೆದ್ದಿತು. ೧೯೩೦ರ ನವೆಂಬರ್ ೧ರಂದು ಬೆಳಗ್ಗೆ ಯಾರೋ ಮೋಟಾರಿನಲ್ಲಿ ಬಂದು ಈ ಕುದುರೆಯತ್ತ ಗುಂಡು ಹಾರಿಸಿದರು. ಗುಂಡು ತಗುಲಲಿಲ್ಲ, ಮೂರು ದಿವಸಗಳ ತರುವಾಯ ೬೨ ಕಿಲೋಗ್ರಾಮಿಗೂ ಮಿಕ್ಕ ಭಾರವನ್ನು ಹೊತ್ತು ಮೆಲ್ಬರ್ನ್ ಕಪ್ಪನ್ನು ಗೆದ್ದಿತು. ಅದರ ಸೋಲಿನಿಂದ ಲಾಭ ಹೊಂದುವ ಜನರು ಇದ್ದರೆಂಬುದಕ್ಕೆ ಈ ಗುಂಡೇ ಸಾಕ್ಷಿ. ಮುಂದಿನ ಸಂಶಯಗಳಿಗೆಲ್ಲ ಬೀಜ ಬಿದ್ದುದೂ ಇಲ್ಲಿಯೇ.

೧೯೩೨ರಲ್ಲಿ ಕುದುರೆಯನ್ನು ಹಡಗಿನಲ್ಲಿ ಅಮೆರಿಕಾ ಖಂಡಕ್ಕೆ ಸಾಗಿಸಿದರು. ಮಾರ್ಚ್ ೨೦ರಂದು ಮೆಕ್ಸಿಕೋ ದೇಶದ ಆಗ್ವಾ ಕಾಲಿಯೆಂಟೆ ಎಂಬಲ್ಲಿ ನಡೆದ ದೊಡ್ಡ ಪಂದ್ಯವನ್ನು ಅದು, ಗೊರಸಿನಲ್ಲಿ ಗಾಯವಿದ್ದರೂ, ಗೆದ್ದಿತು. ಅನಂತರ ಕ್ಯಾಲಿಫೋರ್ನಿಯಾ ಪ್ರಾಂತದ ಮೆನ್ಲೋ ಪಾರ್ಕ್ ಎಂಬಲ್ಲಿ ವಿಶ್ರಾಂತಿಗಾಗಿ ಕಟ್ಟಿದ್ದರು. ಏಪ್ರಿಲ್ ೫ರ ಬೆಳಗ್ಗೆ ಅದರ ಆರೈಕೆ ಮಾಡುತ್ತಿದ್ದ ಟಾಮಿ ವುಡ್‌ಕಾಕ್ ಎಂಬ ಯುವಕನು ಬಂದು ನೋಡುವಾಗ ಕುದುರೆಗೆ ಕಡುಜ್ವರವಿತ್ತು. ಹೊಟ್ಟೆಯ ನೋವಿನಿಂದ ನರಳುತ್ತಿತ್ತು. ಕೆಲವೇ ಗಂಟೆಗಳಲ್ಲಿ ರಕ್ತ ಸುರಿದು ಅದು ಸತ್ತಿತು. ಹೊಟ್ಟೆಯನ್ನು ಸೀಳಿ ನೋಡಿದಾಗ ಜಠರವೂ ಕರುಳೂ ಬಹಳವಾಗಿ ಉರಿಗೊಂಡಿದ್ದುವು. ತೊಯ್ದ ಹಸುರು ಮೇವು ಹೊಟ್ಟೆಯಲ್ಲಿ ಹುಳಿತು ಉಬ್ಬರವಾಯಿತೆಂದು ಕೆಲವರು, ಮರಗಳಿಗೆ ಸಿಂಪಡಿಸಿದ್ದ ಕೀಟನಾಶಕವು ಹುಲ್ಲಿನ ಮೇಲೆ ಬಿದ್ದಿತೆಂದು ಕೆಲವರು, ಜೂಜಿನವರು ವಿಷವಿಕ್ಕಿದರೆಂದು ಬಹುಮಂದಿ ಹೇಳಿದರು. ಆಗಿನ ಪರೀಕ್ಷೆಗಳಿಂದ ಎಲ್ಲರೂ ಒಪ್ಪುವಂತಹ ತೀರ್ಮಾನ ಹೊರಡಲಿಲ್ಲ.

ಅರ್ಧ ಶತಮಾನದ ಮೇಲೆ, ಪಶುವೈದ್ಯ ಶಾಸ್ತ್ರವು ಬೆಳೆದಂತೆ, ಹಳೆಯ ಶವಪರೀಕ್ಷೆಯ ವಿವರಗಳನ್ನು ಓದಿದ ಕೆಲವು ವೈದ್ಯರು ಇದು ವಿಷವಲ್ಲ, ಸಣ್ಣ ಕರುಳಿನ ಮೊದಲ ಭಾಗವು ಹಠಾತ್ತನೆ ಉರಿಗೊಳ್ಳುವ ರೋಗವೆಂದು ಅಭಿಪ್ರಾಯಪಟ್ಟರು. ಫಾರ್ ಲ್ಯಾಪ್ ಸತ್ತ ಕಾಲದಲ್ಲಿ ಆ ರೋಗವನ್ನು ಯಾರೂ ಬೇರೆಯಾಗಿ ಗುರುತಿಸಿರಲಿಲ್ಲ. ದೂರದ ಪ್ರಯಾಣ, ಪಂದ್ಯದ ಶ್ರಮ, ಹೊಸ ಮೇವು ಇವೆಲ್ಲ ಆ ರೋಗಕ್ಕೆ ಅನುಕೂಲವಾದ ಸ್ಥಿತಿಗಳೇ ಆದುದರಿಂದ ಈ ಮಾತು ಬಹುಕಾಲ ಮಾನ್ಯವಾಗಿತ್ತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕುದುರೆಯ ಚರ್ಮವನ್ನು ಮೆಲ್ಬರ್ನಿನ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿದ್ದರು. ಅದರ ಕೇಸರದಿಂದ ಆರು ಕೂದಲುಗಳನ್ನು ತೆಗೆದು, ಅಮೆರಿಕದ ಆರ್ಗಾನ್ ಪ್ರಯೋಗಶಾಲೆಯ ಪ್ರಬಲವಾದ ಕ್ಷ-ಕಿರಣ ಯಂತ್ರದಲ್ಲಿ ಪರೀಕ್ಷಿಸಿದ ಆಸ್ಟ್ರೇಲಿಯದ ವಿಜ್ಞಾನಿಗಳು ೨೦೦೬ರಲ್ಲಿ ತಮ್ಮ ಫಲಿತಾಂಶವನ್ನು ತಿಳಿಸಿದರು. ಕೂದಲು ದಿನದಿನಕ್ಕೆ ಬೇರಿನಿಂದ ಬೆಳೆಯುವುದರಿಂದ, ಅದರೊಳಗೆ ಯಾವ ವಸ್ತು ಯಾವ ಹೊತ್ತಿನಲ್ಲಿ ಸೇರಿತೆಂಬುದನ್ನು ಕೂದಲಿನ ಉದ್ದವನ್ನು ಅಳೆದು ಹೇಳಬಹುದು. ಸಾಯುವುದಕ್ಕೆ ೩೦ರಿಂದ ೪೦ ಗಂಟೆಗಳ ಹಿಂದೆ ಈ ಕುದುರೆಯ ಹೊಟ್ಟೆಗೆ ಪಾಷಾಣವು ಬಹು ದೊಡ್ಡ ಪ್ರಮಾಣದಲ್ಲಿ ಹೋಗಿದ್ದಿತೆಂದು ಹೀಗೆ ಗೊತ್ತಾಯಿತು. ಯಾರು ಹಾಕಿದರೆಂಬುದನ್ನು ಕೂದಲು ಹೇಳಲಾರದು. ೨೦೦೮ರಲ್ಲಿ ಟೆಲ್ಫರ್ಡನ ಕೈಬರಹದ ಪುಸ್ತಕವೊಂದು ಹೊರಬಿದ್ದಿತು. ಅದರಲ್ಲಿ ಕುದುರೆಗಳಿಗೆ ಕೊಡುವ ಬಲವರ್ಧಕಗಳ ಯೋಗಗಳಿದ್ದುವು, ಅವುಗಳಲ್ಲಿ ಪಾಷಾಣವೂ ಕಾಸರಕದ ಬೀಜದ ಸತ್ವವೂ ಸೇರಿದ್ದುವು. ಆ ಕಾಲದಲ್ಲಿ ಮೈ ಮಿಂಚಲೆಂದೂ ಹಸಿವು ಹೆಚ್ಚಲೆಂದೂ ಪಾಷಾಣವನ್ನು ಸ್ವಲ್ಪಸ್ವಲ್ಪವಾಗಿ ಕೊಡುವುದು ಎಲ್ಲೆಡೆಯೂ ವಾಡಿಕೆಯಾಗಿತ್ತು. ಜೂಜುಗಾರನ ಕೈಯೋ, ಅಳತೆ ತಪ್ಪಿದ ಔಷಧಿಯೋ, ಇಂದಿಗೂ ನಿರ್ಣಯವಾಗಿಲ್ಲ. ಶತ್ರುವನ್ನು ಹೊರಗೆ ಹುಡುಕುವ ಮುಂಚೆ ಔಷಧಿಯ ಗೂಡನ್ನು ತೆರೆದು ನೋಡಬೇಕಾಗಿದ್ದಿತೆಂದು ಮಾತ್ರ ಹೇಳಬಹುದು.

ಕುದುರೆಯ ಹೊಟ್ಟೆಯ ರಚನೆ

ದನವು ನಾಲ್ಕು ಕೋಣೆಗಳ ಹೊಟ್ಟೆಯುಳ್ಳದ್ದು. ತಿಂದ ಮೇವನ್ನು ಮೊದಲೇ ಹುಳಿಸಿ, ಮತ್ತೆ ಬಾಯಿಗೆ ತಂದು ಮೆಲುಕು ಹಾಕುತ್ತದೆ. ಕುದುರೆಯಲ್ಲಿ ಈ ಏರ್ಪಾಡು ತಿರುಗುಮುರುಗಾಗಿದೆ. ಅದರ ಜಠರವು ದೇಹದ ಗಾತ್ರಕ್ಕೆ ಬಹಳ ಚಿಕ್ಕದು, ೮ರಿಂದ ೧೫ ಲೀಟರು ಮಾತ್ರ ಹಿಡಿಯುತ್ತದೆ. ಅನ್ನನಾಳವು ಜಠರವನ್ನು ಸೇರುವಲ್ಲಿ ಇರುವ ಮಾಂಸದ ಬಳೆಯು ಅತಿ ಬಿಗಿಯಾದುದರಿಂದ ಕುದುರೆಯು ವಾಂತಿ ಮಾಡಲಾರದು. ನಾಯಿಯಾದರೆ ತಿನ್ನಬಾರದುದನ್ನು ತಿಂದು ಕಕ್ಕಿ ಬದುಕಿಕೊಳ್ಳುತ್ತದೆ. ಕುದುರೆಗೆ ಆ ದಾರಿಯಿಲ್ಲ. ಒಳಗೆ ಒತ್ತಡ ಹೆಚ್ಚಿದರೆ ಜಠರವು ಒಡೆದುಹೋಗುವುದೇ ಸರಿ.

ಜಠರದ ಮುಂದೆ ಸುಮಾರು ೨೦ ಮೀಟರು ಉದ್ದದ ಸಣ್ಣ ಕರುಳು. ಅದರ ತುದಿಯಲ್ಲಿ ೩೦ ಲೀಟರಿನಷ್ಟು ಹಿಡಿಯುವ ಕುರುಡು ಕರುಳು. ಅನಂತರ ೩ರಿಂದ ೪ ಮೀಟರು ಉದ್ದವಾಗಿ, ೮೦ ಲೀಟರಿನಷ್ಟು ತುಂಬಿಕೊಳ್ಳುವ ದೊಡ್ಡ ಕರುಳು. ಹುಲ್ಲಿನ ನಾರನ್ನು ಹುಳಿಸಿ ಆಹಾರವನ್ನಾಗಿ ಮಾಡುವ ಅಸಂಖ್ಯಾತ ಸೂಕ್ಷ್ಮಜೀವಿಗಳು ವಾಸಮಾಡುವುದು ಈ ಹಿಂದಿನ ಭಾಗದಲ್ಲಿ. ಹಿಟ್ಟಿನ ಹಿಪ್ಪೆಯನ್ನು ಹುದುಗಿಸುವ ಹಂಡೆಗೆ ಇದನ್ನು ಹೋಲಿಸಬಹುದು. ಹೊಟ್ಟೆಯ ರಸಗಳೂ ಕುಡಿದ ನೀರೂ ಸೇರಿ ಹಗಲಿರುಳೊಂದಕ್ಕೆ ನೂರು ಲೀಟರಿನಷ್ಟು ದ್ರವವು ಇಲ್ಲಿಗೆ ಬಂದು ಮರಳಿ ರಕ್ತಕ್ಕೆ ಹೀರಲ್ಪಡುತ್ತದೆ. ೫೦೦ ಕಿಲೋಗ್ರಾಂ ತೂಕದ ಕುದುರೆಯ ಮೈಯಲ್ಲಿರುವ ಒಟ್ಟು ರಕ್ತವೇ ೪೦ ಲೀಟರು ಮಾತ್ರ. ಹೀರುವ ಕೆಲಸವು ಕೆಲವು ಗಂಟೆಗಳ ಕಾಲ ನಿಂತರೆ ಏನಾಗುವುದೆಂಬುದನ್ನು ಈ ಎರಡು ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ.

ಇನ್ನೊಂದು ವೈಚಿತ್ರ್ಯವೆಂದರೆ, ಇಷ್ಟು ಭಾರವಾದ ದೊಡ್ಡ ಕರುಳು ತನ್ನ ಬುಡದಲ್ಲಿ ಮಾತ್ರ ಬೆನ್ನಿನ ಕಡೆಗೆ ಅಂಟಿಕೊಂಡಿದೆ. ಉಳಿದ ಉದ್ದವೆಲ್ಲ ಹೊಟ್ಟೆಯ ಪೊಳ್ಳಿನಲ್ಲಿ ಸಡಿಲವಾಗಿ ಮಡಿಚಿಕೊಂಡು ಬಿದ್ದಿರುತ್ತದೆ. ಆದುದರಿಂದಲೇ ಅದು ಹಗ್ಗದಂತೆ ಹೊಸೆದುಕೊಳ್ಳುವುದಕ್ಕೆ ಅವಕಾಶವುಂಟು.

ಕೊಲ್ಲುವ ಬಗೆಗಳು

ಮೊದಲನೆಯದು ಕರುಳಿನ ತಿರುಚು. ಗಾಳಿ ತುಂಬಿ ಉಬ್ಬಿದ ದೊಡ್ಡ ಕರುಳು ಒಂದು ಸುತ್ತು ಪೂರ್ತಿಯಾಗಿ ಹೊರಳಿದರೆ ಅದಕ್ಕೆ ಬರುವ ರಕ್ತದ ದಾರಿ ಮುಚ್ಚಿಹೋಗುತ್ತದೆ. ಮೂರು ನಾಲ್ಕು ಗಂಟೆಗಳೊಳಗೆ ಕರುಳಿನ ಒಳಪೊರೆ ಸಾಯುತ್ತದೆ. ಇದಕ್ಕೆ ಔಷಧಿಯೆಂಬುದಿಲ್ಲ, ಸಜ್ಜಾದ ಆಸ್ಪತ್ರೆಯಲ್ಲಿ ಹೊಟ್ಟೆಯನ್ನು ತೆರೆದು ಕರುಳನ್ನು ಬಿಚ್ಚುವುದೊಂದೇ ದಾರಿ, ಅದೂ ಹೊತ್ತು ಮೀರುವ ಮೊದಲು.

ಎರಡನೆಯದು, ಫಾರ್ ಲ್ಯಾಪಿನ ವಿಷಯದಲ್ಲಿ ಊಹಿಸಿದ್ದ ಸಣ್ಣ ಕರುಳಿನ ಮೊದಲ ಭಾಗದ ಉರಿ. ಕರುಳು ನಿಶ್ಚಲವಾಗಿ, ದ್ರವವು ಮುಂದಕ್ಕೆ ಹರಿಯದೆ ಜಠರಕ್ಕೆ ಹಿಂದಿರುಗಿ ತುಂಬಿಕೊಳ್ಳುತ್ತದೆ. ವೈದ್ಯನು ಮೂಗಿನ ಮೂಲಕ ಕೊಳವೆಯನ್ನು ಇಳಿಸಿದರೆ ದುರ್ನಾತದ, ಕೆಲವೊಮ್ಮೆ ರಕ್ತಬೆರೆತ ದ್ರವವು ಹತ್ತಾರು ಲೀಟರು ಹೊರಬರುವುದುಂಟು. ಹೊರಬಂದೊಡನೆ ಕುದುರೆಯ ನೋವು ತಗ್ಗಿ, ಅದು ತಲೆ ಜೋತುಬಿಟ್ಟು ಮಂಕಾಗಿ ನಿಲ್ಲುತ್ತದೆ. ತಿರುಚಿಗೂ ಇದಕ್ಕೂ ಇರುವ ಮುಖ್ಯವಾದ ವ್ಯತ್ಯಾಸವಿದು.

ಮೂರನೆಯದು ದೊಡ್ಡ ಕರುಳಿನ ಕಡುಉರಿ. ಲೇಖನದ ಮೊದಲಿನಲ್ಲಿ ಹೇಳಿದಂತಹ ಮರಣಗಳಲ್ಲಿ ಅತ್ಯಂತ ಮೋಸಗಾರನಾದುದು ಇದೇ. ೧೯೬೦ರ ದಶಕದಲ್ಲಿ ಅಮೆರಿಕದ ಪಶುವೈದ್ಯರು ಹೀಗೆ ಸತ್ತ ಕುದುರೆಗಳನ್ನು ಸೀಳಿ, ದೊಡ್ಡ ಕರುಳು ಕಪ್ಪುಗೆಂಪಾಗಿ ನೀರುಂಡು ದಪ್ಪವಾಗಿರುವುದನ್ನು ಕಂಡರೂ ಕಾರಣವನ್ನು ಕಾಣದೆ, ಬೀಜಗಣಿತದಲ್ಲಿ ತಿಳಿಯದ ಸಂಖ್ಯೆಗೆ ಅಕ್ಷರವನ್ನಿಡುವಂತೆ ‘ಕೋಲೈಟಿಸ್ ಎಕ್ಸ್’ ಎಂದು ಹೆಸರಿಟ್ಟರು. ತರುವಾಯ ಆ ಅಜ್ಞಾತದ ಬಹುಭಾಗ ಬಯಲಾಯಿತು. ಸಾಲ್ಮೊನೆಲ್ಲ ಎಂಬ ಸೂಕ್ಷ್ಮಾಣು, ಕ್ಲಾಸ್ಟ್ರಿಡಿಯಂ ಜಾತಿಯ ವಿಷಕಾರಿ ಸೂಕ್ಷ್ಮಾಣುಗಳು, ಕರುಳಿಗೆ ಹೊಂದದ ಔಷಧಿಗಳು, ಇವು ಮುಖ್ಯವಾದ ಕಾರಣಗಳೆಂದು ಕಂಡುಬಂದಿವೆ. ಆದರೂ ಕಾರಣ ಸಿಕ್ಕದ ಮರಣಗಳು ಇಂದಿಗೂ ಉಂಟು.

ಈ ರೋಗದಲ್ಲಿ ಕೊಲ್ಲುವುದು ಎರಡು ಕೈಗಳು. ಒಂದು, ರಕ್ತದ ನೀರೆಲ್ಲ ಕರುಳಿನೊಳಕ್ಕೆ ಸೋರಿ, ಉಳಿದ ರಕ್ತವು ಪಾಕದಂತೆ ಗಟ್ಟಿಯಾಗುವುದು. ಇನ್ನೊಂದು, ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಸತ್ತಾಗ ಬಿಡುವ ವಿಷವು ರಕ್ತವನ್ನು ಸೇರುವುದು. ಆರೋಗ್ಯದಲ್ಲಿ ಕರುಳಿನ ಒಳಪೊರೆಯು ಕೋಟೆಗೋಡೆಯಂತೆ ಈ ವಿಷವನ್ನು ತಡೆಯುತ್ತದೆ. ಗೋಡೆ ಬಿದ್ದರೆ ತಡೆಯುವವರಿಲ್ಲ. ಸಾಕುಪ್ರಾಣಿಗಳಲ್ಲಿ ಕುದುರೆಯಷ್ಟು ಈ ವಿಷಕ್ಕೆ ಅಂಜುವುದು ವಿರಳ. ಕರುಳಿನ ರೋಗದಿಂದ ಹೇಗೋ ಬದುಕಿಕೊಂಡ ಕುದುರೆಯು ಕೆಲವು ದಿನಗಳ ಮೇಲೆ ಗೊರಸಿನ ಒಳಗಿನ ಉರಿಯಿಂದ ಕುಂಟಾಗುವುದೂ ಈ ವಿಷದ ಫಲವೇ. ಕಡುರೂಪದಲ್ಲಿ ಬಂದರೆ ಭೇದಿಯಾಗುವುದಕ್ಕೆ ಮೊದಲೇ, ಕೆಲವು ಗಂಟೆಗಳಲ್ಲಿ, ಮರಣವು ಸಂಭವಿಸುತ್ತದೆ. ಲದ್ದಿ ಗಟ್ಟಿಯಾಗಿಯೇ ಇದೆ, ಆದುದರಿಂದ ಕರುಳಿನ ರೋಗವಲ್ಲವೆಂದು ವಾದಿಸುವವರು ಇದನ್ನು ನೆನಪಿನಲ್ಲಿಡತಕ್ಕುದು.

ಜಂತುಹುಳುಗಳ ಮಾತನ್ನೂ ಹೇಳಬೇಕು. ದೊಡ್ಡ ಕೆಂಪು ಹುಳುವೆಂದು ಕರೆಯುವ ಜಾತಿಯ ಮರಿಗಳು ಕರುಳಿಗೆ ರಕ್ತವನ್ನು ಒಯ್ಯುವ ಮುಖ್ಯ ನಾಳದ ಗೋಡೆಯಲ್ಲಿ ಸೇರಿ, ಅಲ್ಲಿ ರಕ್ತ ಹೆಪ್ಪುಗಟ್ಟುವಂತೆ ಮಾಡುತ್ತವೆ. ಹಿಂದಿನ ಕಾಲದ ಶೂಲೆಗಳಲ್ಲಿ ಬಹುಭಾಗ ಇವುಗಳಿಂದಲೇ ಆಗುತ್ತಿತ್ತು. ೧೯೮೦ರ ದಶಕದಿಂದ ಐವರ್‌ಮೆಕ್ಟಿನ್ ಬಳಕೆಗೆ ಬಂದ ಮೇಲೆ ಚೆನ್ನಾಗಿ ಸಾಕಿದ ಕುದುರೆಗಳಲ್ಲಿ ಇವು ಅಪರೂಪವಾಗಿವೆ. ಹುಳುವಿನ ಔಷಧಿಯನ್ನೇ ಕಾಣದ ಹಳ್ಳಿಯ ಕುದುರೆಗೆ ಈ ಮಾತು ಅನ್ವಯಿಸುವುದಿಲ್ಲ.

ಪಂದ್ಯದ ಕುದುರೆಗೇ ಏಕೆ?

ಕುದುರೆಯು ಸ್ವಭಾವತಃ ದಿನಕ್ಕೆ ಹದಿನೈದು ಹದಿನಾರು ಗಂಟೆಗಳ ಕಾಲ ಸ್ವಲ್ಪಸ್ವಲ್ಪವಾಗಿ ಹುಲ್ಲು ಮೇಯುತ್ತ ತಿರುಗಾಡುವ ಪ್ರಾಣಿ. ಪಂದ್ಯದ ಕುದುರೆಯಾದರೋ ಹಗಲಿನ ಬಹುಭಾಗವನ್ನು ನಾಲ್ಕು ಗೋಡೆಗಳ ನಡುವೆ ಕಳೆದು, ಹುಲ್ಲನ್ನು ಕಡಿಮೆಮಾಡಿ ಕಾಳನ್ನು ಹೆಚ್ಚಿಸಿದ ಆಹಾರವನ್ನು ಎರಡು ಮೂರು ಹೊತ್ತಿನಲ್ಲಿ ನುಂಗುತ್ತದೆ. ಕಾಳು ಮಿತಿ ಮೀರಿದರೆ ಸಣ್ಣ ಕರುಳಿನಲ್ಲಿ ಜೀರ್ಣವಾಗದ ಹಿಟ್ಟು ಹಿಂದಿನ ಹಂಡೆಗೆ ಇಳಿದು ಹುಳಿಯಾಗುತ್ತದೆ. ಒಳ್ಳೆಯ ಸೂಕ್ಷ್ಮಜೀವಿಗಳು ಸಾಯುತ್ತವೆ, ಕೆಟ್ಟವು ಹೆಚ್ಚುತ್ತವೆ. ಇದರ ಮೇಲೆ ಲಾರಿಯಲ್ಲಿ ರಾತ್ರಿಯೆಲ್ಲ ಪ್ರಯಾಣ, ದಾರಿಯಲ್ಲಿ ನೀರು ಕುಡಿಯದಿರುವುದು, ಊರು ಬದಲಾದೊಡನೆ ಮೇವು ಬದಲಾಗುವುದು. ಗಾಯಕ್ಕೋ ಕೆಮ್ಮಿಗೋ ಕೊಡುವ ಸೂಕ್ಷ್ಮಾಣುನಾಶಕ ಔಷಧಿಗಳು ಕರುಳಿನ ಒಳ್ಳೆಯ ಜೀವಿಗಳನ್ನೂ ಕೊಲ್ಲುತ್ತವೆ. ಲಿಂಕೋಮೈಸಿನ್ ಎಂಬುದು ಹಂದಿಗಳಿಗೆ ಔಷಧಿಯಾದರೂ ಕುದುರೆಯ ಮೇವಿನಲ್ಲಿ ಅಲ್ಪವಾಗಿ ಬೆರೆತರೂ ಮಾರಕ. ಕಾಲು ನೋವಿಗೆ ವಾಡಿಕೆಯಾಗಿ ಕೊಡುವ ಫಿನೈಲ್‌ಬ್ಯುಟಜೋನ್ ಎಂಬುದು ಅಳತೆ ಮೀರಿದರೆ ದೊಡ್ಡ ಕರುಳಿನಲ್ಲಿ ಹುಣ್ಣು ಮಾಡುತ್ತದೆ. ಪಂದ್ಯದ ಕುದುರೆಗೆ ಈ ಎಲ್ಲ ಕಾರಣಗಳೂ ಒಂದೇ ವಾರದಲ್ಲಿ ಕೂಡಿಬರಬಹುದು.

ಹಳ್ಳಿಯ ಕುದುರೆಗೆ ಕಾರಣಗಳು ಬೇರೆ. ನೆನೆಸದ, ಬೇಯಿಸದ ಹುರುಳಿಯನ್ನು ಮೊರದಿಂದ ಸುರಿಯುವುದು. ಹಬ್ಬದ ದಿನ ಉಳಿದ ಅನ್ನ, ಹೋಳಿಗೆಗಳನ್ನು ಪ್ರೀತಿಯಿಂದ ಇಕ್ಕುವುದು. ಒಕ್ಕುವ ಕಾಲದಲ್ಲಿ ಹಗ್ಗ ಬಿಚ್ಚಿಕೊಂಡು ಕಣದಲ್ಲಿ ಕಾಳನ್ನು ಮನಸಾರೆ ತಿನ್ನುವುದು. ಮರಳು ನೆಲದ ಮೇಲೆ ಮೇವು ಹಾಕುವುದರಿಂದ ಮರಳು ಕರುಳಿನಲ್ಲಿ ಸೇರುವುದು. ಕಣದಲ್ಲಿ ಕಾಳು ತಿಂದ ಕುದುರೆಯು ಆಗ ಚೆನ್ನಾಗಿದ್ದರೂ ವೈದ್ಯನಿಗೆ ಕೂಡಲೇ ಹೇಳಿಕಳುಹಿಸಬೇಕು. ಕುರುಹುಗಳು ಕಾಣುವ ಹೊತ್ತಿಗೆ ಕೈಮೀರಿರುತ್ತದೆ.

ಮೇವಿನಲ್ಲಿ ಅನುಸರಿಸತಕ್ಕ ಕ್ರಮವು ಕಷ್ಟವಾದುದಲ್ಲ. ೪೦೦ ಕಿಲೋಗ್ರಾಂ ತೂಕದ ಕುದುರೆಗೆ ದಿನಕ್ಕೆ ೬ ಕಿಲೋಗ್ರಾಮಿಗೆ ಕಡಿಮೆಯಿಲ್ಲದಂತೆ ಒಣಹುಲ್ಲು ದೊರೆಯಬೇಕು. ಒಂದು ಹೊತ್ತಿನ ಕಾಳು ೨ ಕಿಲೋಗ್ರಾಮನ್ನು ಮೀರಬಾರದು. ಯಾವ ಮೇವನ್ನೇ ಬದಲಾಯಿಸಲಿ, ಹಳೆಯದರಲ್ಲಿ ಹೊಸದನ್ನು ಬೆರೆಸುತ್ತ ಹತ್ತು ಹದಿನಾಲ್ಕು ದಿನಗಳಲ್ಲಿ ಬದಲಾಯಿಸಬೇಕು. ಬೂಷ್ಟು ಹಿಡಿದ ಹುಲ್ಲನ್ನು ದನಕ್ಕಾದರೂ ಹಾಕಬಾರದು, ಕುದುರೆಗಂತೂ ಸಲ್ಲದು.

ಕುರುಹುಗಳನ್ನು ನೋಡುವ ಬಗೆ

ನೋವು ಬಂದ ಕುದುರೆಯು ಮುಂಗಾಲಿನಿಂದ ನೆಲವನ್ನು ಕೆರೆಯುತ್ತದೆ, ತಿರುಗಿ ತಿರುಗಿ ಪಕ್ಕೆಯನ್ನು ನೋಡುತ್ತದೆ, ಮಲಗಿ ಏಳುತ್ತದೆ, ಬೆವರುತ್ತದೆ, ಹೊರಳುತ್ತದೆ. ಇವು ಎಲ್ಲರಿಗೂ ತಿಳಿದವು. ಆದರೆ ಅಪಾಯವೆಷ್ಟೆಂಬುದನ್ನು ಹೊರಳಾಟದಿಂದ ಅಳೆಯಬಾರದು, ನಾಡಿಯಿಂದ ಅಳೆಯಬೇಕು. ಕೆಳದವಡೆಯ ಎಲುಬಿನ ಅಂಚಿನ ಒಳಮಗ್ಗುಲಲ್ಲಿ ಬೆರಳಿಟ್ಟರೆ ದಾರದಂತಹ ನಾಳವು ಮಿಡಿಯುವುದು ತಿಳಿಯುತ್ತದೆ. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಕುದುರೆಯ ನಾಡಿಯು ನಿಮಿಷಕ್ಕೆ ೨೮ರಿಂದ ೪೦ ಸಾರಿ ಮಿಡಿಯುತ್ತದೆ. ೬೦ನ್ನು ದಾಟಿದರೆ ವಿಷಯವು ಗುರುತರವಾದುದು. ೮೦ನ್ನು ದಾಟಿದರೆ ಪ್ರಾಣಾಪಾಯ. ಮೈಯ ಬಿಸಿ ೯೯ರಿಂದ ೧೦೧ ಡಿಗ್ರಿ ಫ್ಯಾರನ್‌ಹೀಟ್ ಇರತಕ್ಕುದು. ಬರಿಯ ತಿರುಚಿನಲ್ಲಿ ಜ್ವರವು ಸಾಮಾನ್ಯವಾಗಿ ಇರುವುದಿಲ್ಲ. ಕರುಳಿನ ಉರಿಯಲ್ಲಿ ಬಹುಮಟ್ಟಿಗೆ ಇರುತ್ತದೆ.

ಅನಂತರ ತುಟಿಯನ್ನು ಎತ್ತಿ ವಸಡನ್ನು ನೋಡಬೇಕು. ಆರೋಗ್ಯದಲ್ಲಿ ಅದು ನಸುಗೆಂಪಾಗಿ ತೇವವಾಗಿರುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳುಪಾದ ಜಾಗವು ಎರಡು ಕ್ಷಣಗಳಲ್ಲಿ ಮತ್ತೆ ಕೆಂಪಾಗುತ್ತದೆ. ವಸಡು ಇಟ್ಟಿಗೆಯ ಬಣ್ಣಕ್ಕೆ ತಿರುಗಿ, ಹಲ್ಲಿನ ಬುಡದಲ್ಲಿ ನೇರಳೆಯ ಗೆರೆ ಕಂಡರೆ ವಿಷವು ರಕ್ತವನ್ನು ಸೇರಿದೆಯೆಂದೇ ತಿಳಿಯತಕ್ಕುದು.

ಇಲ್ಲಿ ಒಂದು ಮೋಸವುಂಟು. ಗಂಟೆಗಟ್ಟಲೆ ಹೊರಳಾಡಿದ ಕುದುರೆಯು ಒಮ್ಮೆಗೇ ಶಾಂತವಾಗಿ ನಿಂತಾಗ ಮನೆಯವರು ಗಂಡಾಂತರ ಕಳೆಯಿತೆಂದು ಸಂತೋಷಪಡುತ್ತಾರೆ, ಕರೆಯಲು ಹೋದವನನ್ನು ಹಿಂದಕ್ಕೆ ಕರೆಸುತ್ತಾರೆ. ನಾಡಿ ಇಳಿದಿದ್ದರೆ ಸಂತೋಷಪಡಬಹುದು. ನಾಡಿ ಹಾಗೆಯೇ ಓಡುತ್ತಿದ್ದು, ಕಿವಿ ಕಾಲುಗಳು ತಣ್ಣಗಾಗಿ, ನೋವು ಮಾತ್ರ ನಿಂತಿದ್ದರೆ ಕರುಳು ಸತ್ತಿದೆ ಅಥವಾ ಜಠರವು ಒಡೆದಿದೆ ಎಂದರ್ಥ.

ವೈದ್ಯನು ಬರುವ ತನಕ

ಮೇವನ್ನೆಲ್ಲ ತೆಗೆದುಬಿಡಬೇಕು. ಬಾಯಿಗೆ ಬಿದಿರಿನ ಗೊಟ್ಟದಿಂದ ಎಣ್ಣೆ, ಕಷಾಯ, ಸಾರಾಯಿಗಳನ್ನು ಹೊಯ್ಯುವ ಹಳೆಯ ವಾಡಿಕೆಯನ್ನು ಸರ್ವಥಾ ಬಿಡಬೇಕು. ನೋವಿನಲ್ಲಿರುವ ಕುದುರೆಗೆ ಅದು ಶ್ವಾಸಕೋಶಕ್ಕೆ ಇಳಿದು ಎರಡನೆಯ ರೋಗವಾಗುತ್ತದೆ, ತುಂಬಿದ ಜಠರವನ್ನು ಇನ್ನೂ ತುಂಬಿಸುತ್ತದೆ. ಹೊರಳಿ ಪೆಟ್ಟಾಗದಂತೆ ಕೈಯಲ್ಲಿ ಹಿಡಿದು ನಿಧಾನವಾಗಿ ನಡೆಸಬಹುದು. ಓಡಿಸಿದರೆ ಗಾಳಿ ಹೊರಡುತ್ತದೆಂಬುದು ಮೂಢನಂಬಿಕೆ, ಅದರಿಂದ ಉಳಿದ ಶಕ್ತಿಯೂ ಹೋಗುತ್ತದೆ. ನೋವಡಗಿಸುವ ಚುಚ್ಚುಮದ್ದು ಮನೆಯಲ್ಲಿದ್ದರೂ ವೈದ್ಯನನ್ನು ಕೇಳದೆ ಹಾಕಬಾರದು. ನೋವು ಮುಚ್ಚಿಹೋದರೆ ಶಸ್ತ್ರಚಿಕಿತ್ಸೆಯ ಹೊತ್ತೂ ಕಳೆದುಹೋಗುತ್ತದೆ. ಪಶು ಇಲಾಖೆಯ ೧೯೬೨ ಎಂಬ ದೂರವಾಣಿಗೆ ಕರೆಮಾಡುವಾಗ ನಾಡಿ, ಜ್ವರ, ವಸಡಿನ ಬಣ್ಣ, ಕಡೆಯ ಲದ್ದಿ ಹಾಕಿದ ಹೊತ್ತು, ಹಿಂದಿನ ಮೂರು ದಿನಗಳಲ್ಲಿ ಕೊಟ್ಟ ಮೇವು ಮತ್ತು ಔಷಧಿ, ಇಷ್ಟನ್ನು ಹೇಳಿದರೆ ವೈದ್ಯನು ತಕ್ಕ ಸಲಕರಣೆಗಳೊಡನೆ ಹೊರಡುತ್ತಾನೆ. ದೊಡ್ಡ ಕರುಳಿನ ಕಡುಉರಿಯಲ್ಲಿ ದಿನಕ್ಕೆ ೪೦ರಿಂದ ೮೦ ಲೀಟರು ಲವಣದ ನೀರನ್ನು ರಕ್ತನಾಳಕ್ಕೆ ಹೊಗಿಸಬೇಕಾಗುವುದುಂಟು. ಒಂದೆರಡು ಬಾಟಲಿಗಳಿಂದ ಆಗುವ ಕೆಲಸವಲ್ಲವಾದುದರಿಂದ ಮುನ್ಸೂಚನೆ ಬೇಕು.

ಕುದುರೆಯು ಸತ್ತಲ್ಲಿ

ಗ್ರಾಮದ ಮುಖಂಡರ ಕೆಲಸವು ಬಹುಮಟ್ಟಿಗೆ ಇಲ್ಲಿ ಆರಂಭವಾಗುತ್ತದೆ. ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತವು ಒಸರುತ್ತಿದ್ದರೆ ನೆರಡಿ ರೋಗವನ್ನು, ಅಂದರೆ ಆಂಥ್ರಾಕ್ಸನ್ನು ಸಂಶಯಿಸಿ, ಶವವನ್ನು ಯಾರೂ ಸೀಳದಂತೆಯೂ ಚರ್ಮ ಸುಲಿಯದಂತೆಯೂ ಕಾವಲಿಡತಕ್ಕುದು. ಕುದುರೆಯಲ್ಲಿ ಈ ರೋಗವು ಹೊಟ್ಟೆಶೂಲೆಯಾಗಿಯೇ ತೋರಬಹುದು. ಸೀಳಿದವನಿಗೂ ಅಂಟಿ ಪ್ರಾಣ ತೆಗೆಯುತ್ತದೆ. ವೈದ್ಯನು ಕಿವಿಯಿಂದ ಒಂದು ತೊಟ್ಟು ರಕ್ತವನ್ನು ತೆಗೆದು ನೋಡಿ ಹೇಳುವವರೆಗೆ ಕಾಯಬೇಕು. ಪ್ರಾಣಿಗಳ ಸಾಂಕ್ರಾಮಿಕ ರೋಗಗಳನ್ನು ಕುರಿತ ೨೦೦೯ರ ಕೇಂದ್ರ ಶಾಸನದ ಮೇರೆಗೆ ಇಂತಹ ರೋಗದ ಸಂಶಯವನ್ನು ಗ್ರಾಮಾಧಿಕಾರಿಗೆ ಅಥವಾ ಪಂಚಾಯತಿಗೆ ತಿಳಿಸುವುದು ಯಜಮಾನನ ಕರ್ತವ್ಯ. ಅಲ್ಲಿಂದ ಅದು ಲಿಖಿತವಾಗಿ ಹತ್ತಿರದ ಪಶುವೈದ್ಯನಿಗೆ ಹೋಗತಕ್ಕುದು.

ಆ ಸಂಶಯವಿಲ್ಲವೆಂದು ವೈದ್ಯನು ಹೇಳಿದ ಮೇಲೆ ಶವಪರೀಕ್ಷೆಯನ್ನು ಕೆಲವು ಗಂಟೆಗಳೊಳಗೆ ಮಾಡಿಸಬೇಕು. ಈ ಸೀಮೆಯ ಬಿಸಿಲಿನಲ್ಲಿ ಕುದುರೆಯ ಕರುಳು ಬಹುಬೇಗ ಕೊಳೆತು ಬಣ್ಣಗೆಡುತ್ತದೆ. ಸಂಜೆ ಸತ್ತುದನ್ನು ಮಾರನೆಯ ಮಧ್ಯಾಹ್ನ ಸೀಳಿದರೆ ಉರಿ ಯಾವುದು, ಕೊಳೆ ಯಾವುದು ಎಂದು ಯಾರೂ ಹೇಳಲಾರರು. ತಿರುಚಾದರೆ ಕಣ್ಣಿಗೇ ಕಾಣುತ್ತದೆ, ಅಲ್ಲಿಗೆ ಜಗಳ ತೀರಿತು. ಕಾಣದಿದ್ದರೆ ಜಠರದಲ್ಲಿರುವ ಪದಾರ್ಥ, ಪಿತ್ತಜನಕಾಂಗ, ಮೂತ್ರಪಿಂಡ, ಕೇಸರದ ಬೇರುಸಹಿತವಾದ ಕೂದಲು, ಗೋದಲಿಯಲ್ಲಿ ಉಳಿದ ದಾಣಿ, ಕುಡಿಯುವ ನೀರು ಇವನ್ನು ವೈದ್ಯನ ಕೈಯಿಂದ ಬೇರೆಬೇರೆ ಶುಭ್ರವಾದ ಪಾತ್ರೆಗಳಲ್ಲಿ ತೆಗೆಸಿ ಮುದ್ರೆ ಹಾಕಿಸಬೇಕು. ಲಾಯದ ಗೂಡಿನಲ್ಲಿರುವ ಔಷಧಿಯ ಬಾಟಲಿಗಳನ್ನೂ ಸೇರಿಸಬೇಕು; ಯಜಮಾನನಿಗೆ ಇದು ರುಚಿಸದಿರಬಹುದು, ಆದರೂ ಬಿಡಬಾರದು. ರೋಗದ ಪತ್ತೆಗೆ ಕರುಳಿನ ತುಂಡನ್ನೂ ಲದ್ದಿಯನ್ನೂ ಮಂಜುಗಡ್ಡೆಯಲ್ಲಿಟ್ಟು ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೆ ವೈದ್ಯನ ಮೂಲಕ ಕಳುಹಿಸಬಹುದು.

ವಿಷವಿಕ್ಕಿ ಪ್ರಾಣಿಯನ್ನು ಕೊಲ್ಲುವುದು ಭಾರತೀಯ ನ್ಯಾಯ ಸಂಹಿತೆಯ ೩೨೫ನೆಯ ಕಲಮಿನ ಪ್ರಕಾರ ಐದು ವರ್ಷಗಳವರೆಗೆ ಸೆರೆಮನೆಗೆ ಗುರಿಮಾಡುವ ಅಪರಾಧ. ಇಷ್ಟು ದೊಡ್ಡ ಆರೋಪವನ್ನು ಬಡ ಕುದುರೆಯಾಳಿನ ಮೇಲೆ ಹೊರಿಸುವಾಗ ಮಹಜರಿನಲ್ಲಿ ಬರೆಯತಕ್ಕುದು ಕಂಡ ಸಂಗತಿಗಳನ್ನು ಮಾತ್ರ: ಕುದುರೆಯು ಕಡೆಯದಾಗಿ ತಿಂದುದು ಏನು, ಎಷ್ಟು ಹೊತ್ತಿಗೆ, ನೋವು ಮೊದಲು ಕಂಡದ್ದು ಯಾರಿಗೆ, ಔಷಧಿ ಕೊಟ್ಟವರು ಯಾರು. ‘ವಿಷಪ್ರಯೋಗದಿಂದ ಸತ್ತಿದೆ’ ಎಂಬ ವಾಕ್ಯವನ್ನು ಪ್ರಯೋಗಶಾಲೆಯ ವರದಿ ಬರುವ ಮುಂಚೆ ಬರೆಯುವುದಕ್ಕೆ ಪಂಚರಿಗೆ ಆಧಾರವಿಲ್ಲ. ವರದಿಯು ವಾರಗಟ್ಟಲೆ ತಡವಾದರೂ ಆ ವರೆಗೆ ಆಳಿನ ಸಂಬಳವನ್ನು ನಿಲ್ಲಿಸದಂತೆ ನೋಡಿಕೊಳ್ಳುವುದು ಊರಿನ ಹಿರಿಯರಿಗೆ ಸೇರಿದ್ದು.

ಶವವನ್ನು ಕೆರೆ ಬಾವಿಗಳಿಂದ ದೂರದಲ್ಲಿ, ಆರು ಅಡಿ ಆಳಕ್ಕೆ ಕಡಿಮೆಯಿಲ್ಲದ ಗುಂಡಿಯಲ್ಲಿ, ಮೇಲೂ ಕೆಳಗೂ ಸುಣ್ಣ ಹಾಕಿ ಹೂಳಬೇಕು. ಅದೇ ಲಾಯದಲ್ಲಿ ಬೇರೆ ಕುದುರೆಗಳಿದ್ದರೆ ಸತ್ತುದರ ಹಾಸುಹುಲ್ಲನ್ನು ಸುಟ್ಟು, ಬಕೆಟ್ಟು ಗೋದಲಿಗಳನ್ನು ತೊಳೆದು, ಉಳಿದವುಗಳ ಜ್ವರವನ್ನು ಎರಡು ವಾರಗಳ ತನಕ ಬೆಳಗ್ಗೆ ಸಂಜೆ ನೋಡುತ್ತಿರಬೇಕು. ಸಾಲ್ಮೊನೆಲ್ಲವು ಮನುಷ್ಯರಿಗೂ ಹರಡುವುದರಿಂದ, ಲದ್ದಿ ಬಾಚಿದವರು ಕೈಯನ್ನು ಸಾಬೂನಿನಿಂದ ತೊಳೆಯದೆ ಊಟಕ್ಕೆ ಕುಳಿತುಕೊಳ್ಳಲಾಗದು. ಮಕ್ಕಳನ್ನು ಆ ಲಾಯದ ಕಡೆಗೆ ಬಿಡಲಾಗದು.